ಅಳತೆ ಯಾರದು, ತಪ್ಪು ಯಾರದು?



ನಾವು ಮ್ಯಾಟ್ರಿಕ್‌ವರೆಗೆ ಓದಿದವರು. ಕಿರ್ದಿ-ಖತಾವಣಿ ಬರೆದು ಕೈ ಪಳಗಿದವರು. ಮಗನ ಒತ್ತಾಯಕ್ಕೆ 2008ರಲ್ಲಿ ಮನೆಗೆ ಕಂಪ್ಯೂಟರ್ ತಂದು ಅಂಗಡಿಯ ಲೆಕ್ಕವನ್ನು ಅದರಲ್ಲಿ ಇಡಲು ಕಲಿತೆವು. 2019ರ ಆಗಸ್ಟಿನಲ್ಲಿ ಕೃಷ್ಣಾ-ಪಂಚಗಂಗೆಯರ ಮಹಾಪೂರ ಶಿರೋಳ ತಾಲೂಕಿಗೆ ನುಗ್ಗಿದಾಗ ಮೊದಲು ಅಟ್ಟಕ್ಕೇರಿಸಿದ್ದು ಅದನ್ನೇ. ಹಳೆಯ ವಹಿಗಳು ಕೆಳಗೇ ಉಳಿದು ತೊಯ್ದು ಹೋದವು.

ಕಳೆದ ದೀಪಾವಳಿಯ ಹೊತ್ತಿಗೆ ಅದರ 160 ಜೀಬಿ ಹಾರ್ಡ್ ಡಿಸ್ಕ್ ತುಂಬಿ, ಟಕಟಕ ಸದ್ದು ಮಾಡತೊಡಗಿತು. ಇನ್ನು ತಡಮಾಡಬಾರದೆಂದು ಜಯಸಿಂಗಪುರಕ್ಕೆ ಹೋಗಿ 3 ಟೀಬಿಯ ಡಿಸ್ಕ್ ತಂದೆವು. ಜೋಡಿಸಿ ನೋಡಿದರೆ ಪರದೆಯ ಮೇಲೆ 746 ಜೀಬಿ ಮಾತ್ರ! ಮರುದಿನ ಅಂಗಡಿಗೆ ಹೋಗಿ, ನಾಲ್ಕು ಗಿರಾಕಿಗಳೆದುರು, "ತೂಕದಲ್ಲಿ ಹೀಗೆ ಹೊಡೆಯುವುದೇ?" ಎಂದುಬಿಟ್ಟೆವು.

ಆ ಹುಡುಗ ಸಿಟ್ಟಾಗಲಿಲ್ಲ. ಡಿಸ್ಕನ್ನು ತನ್ನ ಹೊಸ ಯಂತ್ರಕ್ಕೆ ಜೋಡಿಸಿದ. 2794 ಜೀಬಿ ತೋರಿತು. "ಕಾಕಾ, ಮಾಲು ಪೂರಾ ಅದ. ನಿಮ್ಮ ಮಶೀನಿಗೆ ಅಷ್ಟು ಎಣಿಸಾಕ ಬರೂದಿಲ್ಲ" ಎಂದ.

ವಿಷಯ ಹೀಗಿದೆ. ಡಿಸ್ಕಿನಲ್ಲಿ 512 ಬೈಟುಗಳ ಒಂದೊಂದು ಮನೆ, ಪ್ರತಿ ಮನೆಗೂ ಒಂದು ನಂಬರು. ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ನಂಬರು ಸುಮಾರು 429 ಕೋಟಿಗೆ ಮುಗಿಯುತ್ತದೆ. 3 ಟೀಬಿಯಲ್ಲಿ 586 ಕೋಟಿ ಮನೆಗಳು. ಹಳೆಯ ಸ್ಕೂಟರಿನ ಮೀಟರು 99999 ಆದ ಮೇಲೆ ಸೊನ್ನೆಗೆ ತಿರುಗುವಂತೆ, ನಮ್ಮ ಯಂತ್ರ 429 ಕೋಟಿ ದಾಟಿ ಮತ್ತೆ ಮೊದಲಿನಿಂದ ಎಣಿಸಿತ್ತು. ಜಿಪಿಟಿ ಎಂಬ ಹೊಸ ಪದ್ಧತಿಗೆ ಈ ತೊಡಕಿಲ್ಲ, ಆದರೆ ನಮ್ಮ ವಿಂಡೋಸ್ ಎಕ್ಸ್‌ಪಿಗೆ ಅದು ತಿಳಿಯದು.

ಹಾಗಾದರೆ 3000 ಇರದೆ 2794 ಏಕೆ? ತಯಾರಕರು ಸಾವಿರಕ್ಕೆ 1000 ಹಿಡಿಯುತ್ತಾರೆ, ಯಂತ್ರ 1024 ಹಿಡಿಯುತ್ತದೆ. 1956ರ ಕಾಯ್ದೆಯಿಂದ ಕಿಲೋಗ್ರಾಂ ಬರುವ ಮುಂಚೆ ಊರಿಗೊಂದು ಸೇರು ಇತ್ತಲ್ಲ, ಹಾಗೆ. ಎರಡೂ ಕಡೆ ಮೋಸವಿಲ್ಲ, ಅಳತೆ ಬೇರೆ.

ನಮಗೆ ನಾಚಿಕೆಯಾಯಿತು. ನಮ್ಮ ತಕ್ಕಡಿಯ ಮೇಲೆ ಯಾರಾದರೂ ಹೀಗೆ ಬೊಟ್ಟು ಮಾಡಿದ್ದರೆ ನಾವು ಸಹಿಸುತ್ತಿದ್ದೆವೇ? ಕ್ಷಮಾವಣಿಯ ದಿನದವರೆಗೆ ಕಾಯದೆ, ಆ ಗಿರಾಕಿಗಳೆದುರೇ ಕೈ ಮುಗಿದು ಕ್ಷಮೆ ಕೇಳಿದೆವು. ಅವನು 2 ಟೀಬಿಯ ಡಿಸ್ಕ್ ಕೊಟ್ಟು ಉಳಿದ ಹಣ ಮರಳಿಸಿದ. ಅದು 1863 ಜೀಬಿ ತೋರುತ್ತಿದೆ, ಸರಿಯಾಗಿಯೇ ಇದೆ.

ಮನೆಯಲ್ಲಿ ಹಳೆಯ ಯಂತ್ರವಿದ್ದವರಿಗೆ ನಾಲ್ಕು ಮಾತು. ಕೊಳ್ಳುವ ಮುಂಚೆ ಯಂತ್ರದ ವಯಸ್ಸನ್ನೂ ವಿಂಡೋಸ್ ಯಾವುದೆಂಬುದನ್ನೂ ಅಂಗಡಿಯವರಿಗೆ ಹೇಳಿರಿ. ಒಳಗಿರುವುದು ಪಟ್ಟಿಯಂಥ ಅಗಲ ಐಡಿಇ ಕೇಬಲ್ಲೋ ಕಿರಿದಾದ ಸಾಟಾ ಕೇಬಲ್ಲೋ ನೋಡಿಕೊಳ್ಳಿರಿ. ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ಪೆಟ್ಟಿಗೆ ಬಿಚ್ಚುವ ಮುಂಚೆ ಪ್ಲಗ್ಗು ಕೀಳಿರಿ. ಎಕ್ಸ್‌ಪಿಗೆ 2014ರಿಂದ ಕಂಪನಿಯ ಆಸರೆ ನಿಂತಿದೆ, ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಡಿರಿ.

ಎಲ್ಲಕ್ಕಿಂತ ಮುಖ್ಯ, ಲೆಕ್ಕದ ಒಂದು ಪ್ರತಿ ಮನೆಯ ಹೊರಗಿರಲಿ. ಡಿಸ್ಕ್ ಎಷ್ಟೇ ದೊಡ್ಡದಿದ್ದರೂ ಕೆಡುವುದು ಒಂದೇ ಗಳಿಗೆಯಲ್ಲಿ. ನಮ್ಮದೊಂದು ಪ್ರತಿ ಈಗ ಹೊಳೆಯ ನೀರು ಮುಟ್ಟದ ಊರಲ್ಲಿ, ಮಗಳ ಮನೆಯ ತಿಜೋರಿಯಲ್ಲಿದೆ.