ಅಮ್ಮನ ಕಾಯಿಲೆ, ಮಗನ ಬಾಯಿ

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ 1973ರಿಂದಲೂ ಕಲಬುರಗಿಯ ತಾಂಡಾಗಳಿಂದ, ಆಂಧ್ರ, ತಮಿಳುನಾಡಿನ ಊರುಗಳಿಂದ ರೋಗಿಗಳು ಬರುತ್ತಲೇ ಇದ್ದಾರೆ. ಕ್ಯಾನ್ಸರ್ ತಜ್ಞರಾಗಲು ಓದುವ ಡಿಎಂ, ಎಂಸಿಎಚ್ ಸೀಟುಗಳು ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುವುದರಿಂದ ಒಪಿಡಿಯಲ್ಲಿ ಕೂತ ಕಿರಿಯ ಡಾಕ್ಟರು ಯಾವ ರಾಜ್ಯದವರೂ ಆಗಿರಬಹುದು. ಲಂಬಾಣಿಯೊಂದೇ ಬಲ್ಲ ತಾಯಿಯ ಮಾತನ್ನು ಜೊತೆಗೆ ಬಂದ ಮಗನೋ ಸೊಸೆಯೋ ದಾಟಿಸುವುದು ರೂಢಿ. ಇದು ಹೀಗೇ ನಡೆಯಬೇಕೆ?

ಪರ

ನಡೆಯಲಿ. ಕೀಮೋ ಶುರುವಾದರೆ ತಿಂಗಳುಗಟ್ಟಲೆ ಓಡಾಟ. ನಡುರಾತ್ರಿ ಜ್ವರ 100.4 ಡಿಗ್ರಿ ಮುಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿಸಬೇಕಾದವಳು ಸೊಸೆ. ಕ್ಯಾಪೆಸಿಟಬಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ಕೊಟ್ಟು 7 ದಿನ ಬಿಡುತ್ತಾರೆ. ಆ ಲೆಕ್ಕ ಇಡುವವಳೂ ಅವಳೇ. ಸಂಬಳದ ದುಭಾಷಿ ಸಂಜೆ ಐದಕ್ಕೆ ಮನೆಗೆ ಹೋಗುತ್ತಾನೆ. ಅಷ್ಟಕ್ಕೂ ತೆಲುಗು, ತಮಿಳು, ಉರ್ದು, ಲಂಬಾಣಿ ಎಂದು ಎಷ್ಟು ಜನರನ್ನು ನೇಮಿಸುತ್ತೀರಿ? ದುಡ್ಡಿದ್ದರೆ ಮೊದಲು ನರ್ಸುಗಳನ್ನು ಹೆಚ್ಚಿಸಿ.

ವಿರೋಧ

ಸೊಸೆ ಕೇಳಿಸಿಕೊಳ್ಳಲಿ, ಯಾರು ಬೇಡವೆಂದರು? ಅತ್ತೆಯ ಪರವಾಗಿ ಉತ್ತರ ಕೊಡಬಾರದು, ಅಷ್ಟೆ.

ಗರ್ಭಕೊರಳಿನ ಕ್ಯಾನ್ಸರ್ ಶಂಕೆಯಿದ್ದರೆ ಡಾಕ್ಟರು ಬಿಳಿಸೆರಗಿನ ಬಗ್ಗೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋಗುತ್ತದೆಯೇ ಎಂಬುದರ ಬಗ್ಗೆ ಕೇಳಲೇಬೇಕು. ಇದನ್ನು ಹತ್ತೊಂಬತ್ತರ ಹುಡುಗ ಹೆತ್ತ ತಾಯಿಗೆ ಹೇಗೆ ಕೇಳಿಯಾನು? ಕೇಳುವುದಿಲ್ಲ. ‘ಏನೂ ಇಲ್ವಂತೆ ಸಾರ್’ ಎಂದುಬಿಡುತ್ತಾನೆ. ಕೇಸ್ ಶೀಟಿನಲ್ಲೂ ಅದೇ ಬೀಳುತ್ತದೆ. ಹುಡುಗನ ತಪ್ಪೇನಿದೆ? ಅವನನ್ನು ಅಲ್ಲಿ ನಿಲ್ಲಿಸಿದವರದು ತಪ್ಪು.

ನೋವಿನ ವಿಷಯದಲ್ಲೂ ಹಾಗೆಯೇ. ಮಾರ್ಫಿನ್ ಹತ್ತಿದರೆ ಬಿಡುವುದಿಲ್ಲ ಎಂದು ಹೆದರಿದ ಗಂಡ ‘ತಡ್ಕೋತಾಳೆ ಬಿಡಿ’ ಎಂದರೆ ಆಕೆ ರಾತ್ರಿಯಿಡೀ ನರಳಬೇಕು. ‘ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ’ ಎನ್ನುವ ಮಕ್ಕಳದು ಪ್ರೀತಿಯೇ, ಒಪ್ಪೋಣ. ಆದರೆ ಸ್ತನ ತೆಗೆಯುವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವಳು ಅಮ್ಮ. ಗಂಟು ಮಾತ್ರ ತೆಗೆಯುತ್ತಾರೆ ಎಂದು ನಂಬಿ ಒತ್ತಿದರೆ ಅದು ಒಪ್ಪಿಗೆಯೇ?

ಅಮೆರಿಕದಲ್ಲಿ 2016ರ ನಿಯಮವೊಂದು ತುರ್ತು ಸಂದರ್ಭದ ಹೊರತು ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ತಡೆಯಿತು. ನಮ್ಮಲ್ಲಿ ಅಷ್ಟೂ ಭಾಷೆಗೆ ಹುದ್ದೆ ಸೃಷ್ಟಿಸುವುದು ಆಗದ ಮಾತು ಎನ್ನುವುದು ನಿಜ, ಬೇಕಾಗಿಯೂ ಇಲ್ಲ. ವಾರ್ಡಿನ ಆಯಾಗಳಲ್ಲಿ, ನರ್ಸುಗಳಲ್ಲಿ ಲಂಬಾಣಿ, ತೆಲುಗು ಬಲ್ಲವರನ್ನು ಹುಡುಕಿ, ಗುಟ್ಟು ಕಾಯುವುದನ್ನೂ ಸೇರಿಸಿ ತರಬೇತಿ ಕೊಟ್ಟು, ಭತ್ಯೆ ಕೊಡಬಹುದು. ಯಾರೂ ಸಿಗದ ಭಾಷೆಗೆ ಫೋನಿದೆ. ಮೊದಲ ತಪಾಸಣೆಯ ದಿನ, ಬಯಾಪ್ಸಿ ವರದಿ ತಿಳಿಸುವ ದಿನ, ಸಹಿ ಹಾಕಿಸುವ ದಿನವಾದರೂ ಇವರಲ್ಲೊಬ್ಬರು ಆಕೆಯ ಪಕ್ಕ ಕೂರಬೇಕು. ಮಾತ್ರೆಯ ಲೆಕ್ಕ ಹೇಳುವ ಹೊತ್ತಿಗೆ ಸೊಸೆಯನ್ನೂ ಮಗನನ್ನೂ ಒಳಗೆ ಕರೆಯಲಿ.