ಚೀಟಿಯ ಮೇಲಿನ ಹೆಸರು



ಮೃಗಶಿರಾ ಮಳೆ ಹನಿಯುವ ಹೊತ್ತಿಗೆ ಮುಗಳಖೋಡದ ಸುತ್ತಲಿನ ರೈತರ ಮನೆಗಳಿಗೆ ಬೀಜದ ಚೀಲಗಳು ಬರುತ್ತವೆ. ಚೀಲದ ಬಾಯಿ ಬಿಚ್ಚುವ ಮುನ್ನ ಬಲ್ಲವರು ನೋಡುವುದು ಅದಕ್ಕೆ ಹೊಲಿದಿರುವ ನೀಲಿ ಚೀಟಿಯನ್ನು. ಬೆಳೆ ಯಾವುದು, ತಳಿ ಯಾವುದು, ಪರೀಕ್ಷೆಯಾದದ್ದು ಎಂದು, ಎಲ್ಲಿಯವರೆಗೆ ಬಿತ್ತಲು ಯೋಗ್ಯ, ಒದಗಿಸಿದವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ನಾಳೆ ಮೊಳಕೆ ಬಾರದಿದ್ದರೆ ಕೇಳುವುದಕ್ಕೆ ಆ ಚೀಟಿಯೂ ಅಂಗಡಿಯ ರಸೀದಿಯೂ ನಮಗೆ ಆಧಾರ. ಕಾಳಿನ ಬೆಲೆ ಚೀಟಿಗಿಲ್ಲ. ಆದರೆ ಚೀಟಿಯಿಲ್ಲದ ಕಾಳನ್ನು ನಂಬಿ ಹೊಲಕ್ಕೆ ಚೆಲ್ಲುವವರೂ ಇಲ್ಲ.

ಇಂದು ಮನೆಮನೆಗೆ ಬಂದಿರುವ ಗಣಕಯಂತ್ರದೊಳಗೂ ಇಂಥದೇ ಚೀಟಿಗಳಿವೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಯಂತ್ರಕ್ಕೆ ಲಿನಕ್ಸ್ ಬಳಗದ ಉಚಿತ ವ್ಯವಸ್ಥೆಯೊಂದನ್ನು ಹಾಕಿಸಿದೆವು. ಯಂತ್ರವೇನೋ ಚೆನ್ನಾಗಿಯೇ ನಡೆಯಿತು. ಆದರೆ ಕನ್ನಡ ಅಕ್ಷರಗಳಿರಬೇಕಾದಲ್ಲೆಲ್ಲ ಬರಿಯ ಚೌಕಗಳು ಕಂಡವು. ಬಂಧುಗಳ ಮಗನೊಬ್ಬನು ಬಂದು ಒಂದೇ ಸಾಲಿನ ಆಜ್ಞೆ ಕೊಟ್ಟನು. ಕ್ಷಣಾರ್ಧದಲ್ಲಿ ಕನ್ನಡ ಮೂಡಿತು. ಇದು ಹೇಗಾಯಿತೆಂದು ಕೇಳಿದಾಗ ಆತನು ತೋರಿಸಿದ್ದು ಹತ್ತಿಪ್ಪತ್ತು ಸಾಲುಗಳ ಒಂದು ಸಣ್ಣ ಕಡತವನ್ನು.

ಈ ಪದ್ಧತಿ ಬೆಳೆದು ಬಂದದ್ದು ಡೆಬಿಯನ್ ಎಂಬ ವ್ಯವಸ್ಥೆಯಲ್ಲಿ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ಅದನ್ನು ಆರಂಭಿಸಿದನು. ತಾನು ಮುಂದೆ ಕೈಹಿಡಿದ ಡೆಬ್ರಾ ಎಂಬಾಕೆಯ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಅದಕ್ಕೆ ನಾಮಕರಣ ಮಾಡಿದನು. 2004ರಲ್ಲಿ ಬಂದ ಉಬುಂಟು ಸಹ ಅದೇ ಬುಡದಿಂದ ಒಡೆದ ಕವಲು. 2023ರಲ್ಲಿ ಹೊರಬಂದ ಡೆಬಿಯನ್‌ನ 12ನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ತಂತ್ರಾಂಶದ ಪೊಟ್ಟಣಗಳಿದ್ದವು. ಒಂದೊಂದು ಪೊಟ್ಟಣದೊಳಗೂ 'ಕಂಟ್ರೋಲ್' ಎಂಬ ಚೀಟಿಯಿರುತ್ತದೆ. ಪೊಟ್ಟಣದ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಬಗೆಯ ಯಂತ್ರಕ್ಕೆ ಸಲ್ಲುತ್ತದೆ, ಮೊದಲು ಬೇರೆ ಏನೇನು ಇರಬೇಕು, ಇದರ ಉಪಯೋಗವೇನು, ಇದರ ಹೊಣೆ ಯಾರದು ಎಂಬುವು ಅದರ ಮುಖ್ಯ ಸಾಲುಗಳು. ಯಂತ್ರವು ಮೊದಲು ಚೀಟಿಯನ್ನು ಓದಿ, ಬೇಕಾದುದನ್ನೆಲ್ಲ ತರಿಸಿಕೊಂಡು, ಆಮೇಲೆ ಪೊಟ್ಟಣವನ್ನು ನೆಲೆಗೊಳಿಸುತ್ತದೆ. ಬೇಕಾದುದೊಂದನ್ನು ಚೀಟಿಯಲ್ಲಿ ಬರೆಯಲು ಮರೆತರೆ, ತಂತ್ರಾಂಶವು ಎಷ್ಟೇ ಉತ್ತಮವಾಗಿದ್ದರೂ ಬಳಸುವವರ ಕೈಯಲ್ಲಿ ಕೆಟ್ಟು ನಿಲ್ಲುತ್ತದೆ.

ನಮ್ಮ ಯಂತ್ರಕ್ಕೆ ಕನ್ನಡ ತಂದ ಪೊಟ್ಟಣದ ಹೆಸರು 'ಫಾಂಟ್ಸ್-ಕೆಎನ್‌ಡಿಎ'. ಸೋಜಿಗವೆಂದರೆ ಆ ಪೊಟ್ಟಣದಲ್ಲಿ ಒಂದು ಅಕ್ಷರವೂ ಇಲ್ಲ! ಅದರ ಸರ್ವಸ್ವವೂ ಚೀಟಿಯೇ. ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಅಕ್ಷರಶೈಲಿಗಳ ಪೊಟ್ಟಣಗಳನ್ನು ಕರೆತರಬೇಕೆಂದು ಅದರಲ್ಲಿ ಬರೆದಿದೆ. ಅವು ಹಿಂದೆಯೇ ಬಂದು ಸೇರುತ್ತವೆ. ಭಾರತದ ಲಿಪಿಗಳನ್ನೆಲ್ಲ ಒಟ್ಟಿಗೆ ತರಿಸುವ ಇನ್ನೊಂದು ದೊಡ್ಡ ಚೀಟಿಯೂ ಉಂಟು. ಅದರಲ್ಲಿ ಬಂಗಾಳಿ, ದೇವನಾಗರಿ, ತಮಿಳು, ತೆಲುಗುಗಳೊಡನೆ ನಮ್ಮ ಕನ್ನಡದ ಹೆಸರೂ ಇದೆ. ಆ ಒಂದು ಹೆಸರನ್ನು ಬರೆಯದೆ ಬಿಟ್ಟಿದ್ದರೆ, ಅಕ್ಷರಗಳು ಕಣಜದಲ್ಲಿ ಇದ್ದೂ ನಮ್ಮ ಪಾಲಿಗೆ ಇಲ್ಲದಂತೆಯೇ.

ಇನ್ನೊಂದು ಬಗೆಯ ಕಡತವು ತಂತ್ರಾಂಶದ ಹೆಸರನ್ನು ಪರದೆಯ ಪಟ್ಟಿಯಲ್ಲಿ ತೋರಿಸಲು ಇರುವಂಥದು. ಅದರಲ್ಲಿ ಹೆಸರಿನ ಸಾಲನ್ನು ಒಂದೊಂದು ಭಾಷೆಗೂ ಬೇರೆ ಬೇರೆಯಾಗಿ ಬರೆಯಬಹುದು. ಕನ್ನಡಕ್ಕೆ 'ಕೆ-ಎನ್' ಎಂಬ ಗುರುತು, ಮರಾಠಿಗೆ 'ಎಮ್-ಆರ್' ಎಂಬ ಗುರುತು. ಗಡಿಯಲ್ಲಿ ಬಾಳುವ ನಮಗೆ ಇದು ಹಿತವಾದ ನೋಟ: ಒಂದೇ ಕಡತದಲ್ಲಿ ಎರಡೂ ಭಾಷೆಗಳಿಗೆ ಸ್ಥಳವಿದೆ, ಒಂದರ ಸಾಲು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಕನ್ನಡದ ಸಾಲನ್ನು ಯಾರೂ ಬರೆಯದಿದ್ದರೆ ಯಂತ್ರವು ಕಾಯುವುದಿಲ್ಲ. ಮೂಲದ ಇಂಗ್ಲಿಷ್ ಹೆಸರನ್ನೇ ತೋರಿಸಿ ಮುಂದೆ ಸಾಗುತ್ತದೆ. ಕನ್ನಡವನ್ನಷ್ಟೇ ಓದಬಲ್ಲ ತಾಯಿಯೊಬ್ಬಳು ಅಲ್ಲಿಗೆ ನಿಂತುಬಿಡುತ್ತಾಳೆ. ಆಕೆಯನ್ನು ತಡೆದದ್ದು ಯಾರ ದ್ವೇಷವೂ ಅಲ್ಲ, ನಮ್ಮವರು ತುಂಬದೆ ಬಿಟ್ಟ ಒಂದು ಸಾಲು.

ಚೀಟಿಯ ಸಾಲುಗಳಲ್ಲೆಲ್ಲ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಹೊಣೆಗಾರರ ಸಾಲು. ಅಲ್ಲಿ ಒಬ್ಬರ ಹೆಸರೋ ಒಂದು ತಂಡದ ಹೆಸರೋ ವಿಳಾಸದೊಡನೆ ಇರಲೇಬೇಕು. ಇವರಲ್ಲಿ ಬಹಳ ಮಂದಿ ಸ್ವಂತ ಬಿಡುವಿನ ವೇಳೆಯಲ್ಲಿ ದುಡಿಯುವವರು. ಅವರು ಕೈಬಿಟ್ಟ ಪೊಟ್ಟಣವನ್ನು ಡೆಬಿಯನ್ ಬಳಗದಲ್ಲಿ 'ಅನಾಥ' ಎಂದೇ ಕರೆಯುತ್ತಾರೆ. ಆಗ ಗುಣಮಟ್ಟ ನೋಡಿಕೊಳ್ಳುವ ತಂಡವು ತಾತ್ಕಾಲಿಕವಾಗಿ ಆಸರೆ ಕೊಡುತ್ತದೆ. ಯಾರೂ ಮುಂದೆ ಬಾರದೆ ದೋಷಗಳು ಉಳಿದುಹೋದರೆ ಅದನ್ನು ಕಣಜದಿಂದ ತೆಗೆದುಹಾಕುವುದೂ ಉಂಟು. ನಮ್ಮ ಭಾಷೆಯ ಪೊಟ್ಟಣಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಇಂಜಿನಿಯರಿಂಗ್ ಓದುವ, ಬೆಂಗಳೂರು, ಪುಣೆಗಳಲ್ಲಿ ಈ ವಿದ್ಯೆಯಿಂದಲೇ ಜೀವನ ಸಾಗಿಸುವ ಮಕ್ಕಳು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಹಬ್ಬಕ್ಕೋ ಜಾತ್ರೆಗೋ ಅವರು ಊರಿಗೆ ಬಂದಾಗ ಸಂಬಳವೆಷ್ಟೆಂದು ಕೇಳುವುದು ನಮ್ಮ ರೂಢಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: "ತಮ್ಮಾ, ಕನ್ನಡದ ಒಂದು ಸಾಲನ್ನಾದರೂ ತುಂಬಿದ್ದೀಯಾ? ಯಾವ ಚೀಟಿಯಲ್ಲಾದರೂ ಹೊಣೆ ಹೊತ್ತು ನಿನ್ನ ಹೆಸರು ಬರೆದಿದ್ದೀಯಾ?" ಇದಕ್ಕೆ ಹಣ ಬೇಕಿಲ್ಲ, ವಾರದಲ್ಲಿ ಒಂದು ಸಂಜೆ ಸಾಕು. ಕನ್ನಡ ಚೆನ್ನಾಗಿ ಬಲ್ಲ ಗೃಹಿಣಿಯರೂ ನಿವೃತ್ತ ಶಿಕ್ಷಕರೂ ಅವರ ಪಕ್ಕದಲ್ಲಿ ಕುಳಿತು ತಕ್ಕ ಪದಗಳನ್ನು ಸೂಚಿಸಬಲ್ಲರು.

ಬೀಜದ ಚೀಟಿಯನ್ನು ಓದಿ ಬಿತ್ತುವ ಮನೆತನಗಳು ನಮ್ಮವು. ಇನ್ನು ಚೀಟಿಯನ್ನು ಬರೆಯುವವರೂ ನಾವಾಗಬೇಕು.