ಎಣಿಕೆಗೆ ಸಿಗದ ಜನ

ಜನಸಂಖ್ಯೆಯ ಮಾತು ಬಂದೊಡನೆ ನಮ್ಮಲ್ಲಿ ಏಳುವುದು ಒಂದೇ ಪ್ರಶ್ನೆ: ಯಾವ ಸಮುದಾಯದವರು ಎಷ್ಟು ಹೆಚ್ಚಿದರು? ವೇದಿಕೆಗಳಲ್ಲಿ ಇದೇ ಭಾಷಣ, ಹರಟೆಕಟ್ಟೆಗಳಲ್ಲಿ ಇದೇ ಆತಂಕ. ಎಣಿಕೆಯಿಂದ ಹೊರಗುಳಿದವರು ಯಾರು ಎಂದು ಕೇಳುವವರಿಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿ ಭಾಗದ ಹಳ್ಳಿ ಮತ್ತು ತಾಂಡಾಗಳ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ ಇದೇ ಎಂಬುದು ನಮ್ಮ ಅಭಿಪ್ರಾಯ.

2011ರ ಗಣತಿಯಂತೆ ಜಿಲ್ಲೆಯ ಜನಸಂಖ್ಯೆ 25,66,326. ಮೂವರಲ್ಲಿ ಇಬ್ಬರು ಹಳ್ಳಿಗರು. ಆಗ ಇದ್ದದ್ದು ಏಳು ತಾಲೂಕು. 2018ರ ಹೊತ್ತಿಗೆ ಶಹಾಬಾದ್, ಕಾಳಗಿ, ಕಮಲಾಪುರ, ಯಡ್ರಾಮಿ ಸೇರಿ ಹನ್ನೊಂದಾದವು. ಕಚೇರಿಗಳಿಗೆ ಹೊಸ ಬೋರ್ಡು ಬಂತು. ಜನರ ಲೆಕ್ಕ ಮಾತ್ರ ಹಳೆಯದೇ ಉಳಿಯಿತು. 2021ರಲ್ಲಿ ಆಗಬೇಕಿದ್ದ ಗಣತಿ ನಡೆಯಲೇ ಇಲ್ಲ.

ಇದರಿಂದೇನು ನಷ್ಟ ಎನ್ನುವವರು ಗಮನಿಸಬೇಕು. ಆಡಳಿತವೆಂದರೆ ತಲೆ ಎಣಿಸಿ ಹಂಚುವ ಕೆಲಸ. ಗ್ರಾಮ ಪಂಚಾಯತಿಗೆ 400 ಜನರಿಗೊಬ್ಬ ಸದಸ್ಯ, ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ, ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. 2013ರ ಆಹಾರ ಭದ್ರತಾ ಕಾಯ್ದೆಯಡಿ ಪಡಿತರದ ಮಿತಿ ನಿಗದಿಯಾದದ್ದೂ 2011ರ ಅಂಕಿಯ ಮೇಲೆಯೇ. ಅದರ ಮರುವರ್ಷ ಹುಟ್ಟಿದ ಮಗು ಹೈಸ್ಕೂಲಿನ ಮೆಟ್ಟಿಲೇರಿದೆ. ಆ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿಯೇ ಇಲ್ಲ!

ಜನರಷ್ಟೇ ಅಲ್ಲ, ಇಲ್ಲಿ ಊರುಗಳೇ ಲೆಕ್ಕದಿಂದ ಹೊರಗಿದ್ದವು. ಎಷ್ಟೋ ಲಂಬಾಣಿ ತಾಂಡಾಗಳು ತಲೆಮಾರುಗಳಿಂದ ಬಾಳಿದರೂ ಕಂದಾಯ ಕಡತದಲ್ಲಿ ಊರೆನಿಸಿರಲಿಲ್ಲ. 2023ರ ಜನವರಿ 19ರಂದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿಯವರು ಹಕ್ಕುಪತ್ರ ವಿತರಿಸಿದರು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದವು. ಇದನ್ನು ಸ್ವಾಗತಿಸೋಣ. ಆದರೆ 1956ರ ಏಕೀಕರಣದಿಂದ ಅಲ್ಲಿಗೆ 66 ವರ್ಷ! ಬಾಕಿ ತೀರಿಸಿದ್ದನ್ನು ದಾನವೆಂದು ಹೇಳಿಕೊಳ್ಳುವುದು ಯಾವ ನ್ಯಾಯ?

ವಾಡಿ, ಶಹಾಬಾದ್, ಸೇಡಂಗಳ ನೆಲದಡಿಯ ಸುಣ್ಣದ ಕಲ್ಲಿಗೆ ಲೆಕ್ಕ ತಪ್ಪಿಲ್ಲ. ಸಿಮೆಂಟ್ ಕಾರ್ಖಾನೆಗಾಗಿ ಅಗೆದ ಪ್ರತಿ ಟನ್ನಿಗೂ ಸರಕಾರಕ್ಕೆ ರಾಜಧನ ಸಲ್ಲಬೇಕು. ಕಲ್ಲಿಗಿರುವ ಈ ನಿಖರತೆ ಮನುಷ್ಯನಿಗೇಕಿಲ್ಲ?

ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಅಂದರೆ ತಲೆ ಎಣಿಕೆ ಫೆಬ್ರವರಿಯಲ್ಲಿ. ಜನವರಿಗೆ ತೊಗರಿ ರಾಶಿ ಮುಗಿಯುತ್ತದೆ. ಬಳಿಕ ಕೂಲಿಯಿಲ್ಲದ ಕುಟುಂಬಗಳು ಗುಳೆ ಹೋಗುತ್ತವೆ. ಮುಂಬಯಿ, ಹೈದರಾಬಾದ್ ದಾರಿಗಳು ಕೂಡುವ ವಾಡಿ ಜಂಕ್ಷನ್ ಇಲ್ಲಿಯೇ ಇದೆ. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರಿರುವಲ್ಲಿಯೇ ಎಣಿಸಬೇಕೆಂಬುದು ನಿಯಮ. ಆದರೆ ಕಟ್ಟಡದ ಕೆಲಸದ ಶೆಡ್ಡಿಗೆ ಹೋಗಿ ಹೆಸರು ಬರೆದುಕೊಳ್ಳುವವರಾರು? ಬರೆದುಕೊಂಡರೂ ಆ ತಲೆ ಮಹಾನಗರದ ಲೆಕ್ಕಕ್ಕೆ. ಮಳೆ ಬಿದ್ದಾಗ ಮರಳಿ ಬರುವವರಿಗೆ ಅಂಗನವಾಡಿ, ದವಾಖಾನೆ ಒದಗಿಸಬೇಕಾದದ್ದು ಮಾತ್ರ ತಾಂಡಾದ ಪಂಚಾಯತಿ.

ಇದನ್ನು ಎತ್ತಿ ಹೇಳಬೇಕಾದ ಜಿಲ್ಲಾ, ತಾಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ನಾಲ್ಕು ವರ್ಷ ಕಳೆದರೂ ಚುನಾವಣೆಯಾಗಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತ್ತು. ಹಿಂದುಳಿದಿರುವಿಕೆಗೆ ಕಾರಣ ಮಣ್ಣೊಂದೇ ಅಲ್ಲ, ದನಿಯಿಲ್ಲದಿರುವುದೂ ಹೌದು.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಗ್ರಾಮ ಪಂಚಾಯತಿ ಗುಳೆ ಹೋದವರ ಪಟ್ಟಿಯನ್ನು ಬೇರೆಯಾಗಿ ಇಡಲಿ. ಗಣತಿಯ ಜೊತೆಗೆ ಆ ಪಟ್ಟಿಯನ್ನೂ ಆಧಾರವಾಗಿಟ್ಟು ಸೌಲಭ್ಯ ಹಂಚಲಿ. ಮುಸ್ಲಿಮರಾಗಲಿ, ದಲಿತರಾಗಲಿ, ಲಂಬಾಣಿಗಳಾಗಲಿ, ಬಡವನ ಬಾಗಿಲಿಗೆ ಬೀಗವಿದೆ ಎಂದ ಮಾತ್ರಕ್ಕೆ ಆ ಮನೆಯಲ್ಲಿ ಜನರೇ ಇಲ್ಲವೆಂದು ಬರೆದುಕೊಂಡು ಹೋಗುವ ಆಡಳಿತ ನಮಗೆ ಬೇಡ. ಹೆಚ್ಚಿದವರ ಭಯ ಬಿತ್ತುವವರು ಬಿತ್ತಲಿ. ಬಿಟ್ಟುಹೋದವರ ಲೆಕ್ಕ ಕೇಳುವುದು ನಮ್ಮೆಲ್ಲರ ಕೆಲಸ.